ಹಿಂದೆ ಬೀಳುವ ಸ್ವರ

ಜೇಕಬ್ ರೆಬೆಲ್ಲೊ ಆ ಬೇಸಿಗೆಯಲ್ಲಿ ತನ್ನ ಲ್ಯಾಪ್‌ಟಾಪಿಗೆ ಬೈದಷ್ಟು ದೋಹಾದ ಟ್ಯಾಕ್ಸಿಯವರು ಟ್ರಾಫಿಕ್ಕಿಗೂ ಬೈದಿರಲಾರರು. ಕೊಂಕಣಿಯಲ್ಲಿ ಬೈದ, ತುಳುವಿನಲ್ಲಿ ಬೈದ, ಅಷ್ಟಕ್ಕೂ ಸಮಾಧಾನವಾಗದೆ ಆಫೀಸಿನ ಮ್ಯಾನೇಜರನಿಂದ ಕಲಿತ ಅರಬ್ಬಿಯಲ್ಲೂ ಬೈದ. ಲ್ಯಾಪ್‌ಟಾಪ್ ತಿರುಗಿ ಒಂದು ಮಾತು ಆಡಲಿಲ್ಲ. ಕೊನೆಗೆ ಗಂಟಲು ಕಟ್ಟಿದ್ದು ಅವನದೇ.

ಶಿರ್ವದ ಕಡೆಯವನಾದ ಜೇಕಬ್ ಮೀಸೆ ಚಿಗುರುವ ವಯಸ್ಸು ದಾಟಿದ್ದೇ ತಡ ಕತಾರಿಗೆ ಬಂದವನು. ಈಗ ಅರವತ್ತರ ಹತ್ತಿರ ಬಂದಿದ್ದಾನೆ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹುದ್ದೆಯ ಹೆಸರು ಕೇಳಿ ಊರಿನವರು ದೊಡ್ಡ ಅಧಿಕಾರಿ ಅಂದುಕೊಂಡಿದ್ದರು, ಅವನೂ ತಿದ್ದಲು ಹೋಗಿರಲಿಲ್ಲ. ಕೆಲಸ ಮಾತ್ರ ಇಷ್ಟೇ: ನಕ್ಷೆ ಬಂದರೆ ಸೀಲು ಹೊಡೆದು ಇಂಜಿನಿಯರಿಗೆ ಕೊಡಬೇಕು, ತಿದ್ದಿದ ನಕ್ಷೆ ಬಂದರೆ ಹಳೆಯದರ ಪಕ್ಕದಲ್ಲಿಟ್ಟು ಎಲ್ಲಿ ಏನು ಬದಲಾಗಿದೆ ಎಂದು ಗುರುತು ಹಾಕಬೇಕು. ಆ ನಕ್ಷೆಗಳಿಂದ ಎದ್ದುನಿಂತ ಕಟ್ಟಡಗಳ ಒಳಗೆ ಅವನು ಕಾಲಿಟ್ಟದ್ದಿಲ್ಲ. ಆಫೀಸಿನಲ್ಲಿ ಯಾರಾದರೂ ಅವನ ಹೆಸರು ಹಿಡಿದು ಕೂಗಿದರೆ ಎಲ್ಲೋ ಒಂದು ಕಾಗದ ಕಾಣೆಯಾಗಿದೆ ಎಂದೇ ಅರ್ಥ.

ಅದಕ್ಕೆಲ್ಲ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವನ ನಿಜವಾದ ಜಾಗ ಬೇರೆ ಇತ್ತು. ಚರ್ಚಿನಲ್ಲಿ ತಿಂಗಳಿಗೊಮ್ಮೆ, ಶುಕ್ರವಾರ, ಕೊಂಕಣಿ ಪೂಜೆ ನಡೆಯುತ್ತದೆ. ಭಾನುವಾರ ಇಲ್ಲಿ ಕೆಲಸದ ದಿನ, ಆದ್ದರಿಂದ ದೇವರೂ ಶುಕ್ರವಾರಕ್ಕೆ ಒಗ್ಗಿಕೊಂಡಿದ್ದಾನೆ. ಆ ಪೂಜೆಯ ಗಾಯನ ಮಂಡಳಿಗೆ ಕೀಬೋರ್ಡ್ ನುಡಿಸುವವನು ಜೇಕಬ್. ಅವನ ಸಂಗೀತಕ್ಕೆ ಕೈಹಿಡಿದು ನಡೆದುಬಂದ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. 'ಜೇಕಬ್ ಅಂಕಲ್ ಬಂದ್ರಾ?' ಎಂದು ಕೇಳದೆ ಯಾರೂ ಹಾಡಿನ ಪುಸ್ತಕ ತೆರೆಯುತ್ತಿರಲಿಲ್ಲ. ವಾರವಿಡೀ ಸೀಲು ಹೊಡೆದ ಕೈ ಆ ಒಂದು ಗಂಟೆ ಕೀಬೋರ್ಡಿನ ಮೇಲೆ ಓಡಾಡಿದರೆ ಅವನಿಗೆ ಮತ್ತೊಂದು ತಿಂಗಳು ನಕ್ಷೆಗಳ ನಡುವೆ ಬದುಕುವ ಶಕ್ತಿ ಬರುತ್ತಿತ್ತು.

ಲ್ಯಾಪ್‌ಟಾಪಿನ ಉಪದ್ವ್ಯಾಪ ಅವನೇ ತಂದುಕೊಂಡದ್ದು. ಚರ್ಚಿನ ಹಳೆಯ ಕೀಬೋರ್ಡು ಮುದಿಯಾಗಿತ್ತು, ಆದರೆ ನಡೆಯುತ್ತಿತ್ತು. ಜೇಕಬನಿಗೆ ಮಾತ್ರ ದೊಡ್ಡ ಚರ್ಚುಗಳಲ್ಲಿ ಕೇಳುವ ಪೈಪ್ ಆರ್ಗನ್ನಿನ ನಾದವೇ ಬೇಕಿತ್ತು. ಲ್ಯಾಪ್‌ಟಾಪಿನೊಳಗೆ ಆ ನಾದದ ತಂತ್ರಾಂಶ ಹಾಕಿ, ಪಕ್ಕಕ್ಕೊಂದು ಬರಿ ಮನೆಗಳು, ಎಂದರೆ ಒತ್ತುವ ಕೀಲಿಗಳಷ್ಟೇ ಇರುವ ಚಿಕ್ಕ ಕೀಬೋರ್ಡು ಸಿಕ್ಕಿಸಿದರೆ ಸಾಕು ಎಂದು ಎಲ್ಲೋ ಓದಿದ್ದ. ಮಂಡಳಿಯನ್ನು ನಡೆಸುವ ಸ್ಯಾಮ್ಯುಯೆಲ್ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೆತ್ತಗಿನ ಮನುಷ್ಯ. "ಹಳೇದೇ ಚೆನ್ನಾಗುಂಟಲ್ಲ ಅಂಕಲ್" ಎಂದು ನೋಡಿದ. ಜೇಕಬ್ ಕೇಳಬೇಕಲ್ಲ! ಮೊದಲ ಸಲ ಆ ನಾದ ಎದ್ದಾಗ ಮುಂದಿನ ಬೆಂಚಿನಲ್ಲಿದ್ದ ಮುದುಕಿ ಕೊನ್ಸೆಪ್ಟಾ ಕಣ್ಣೊರೆಸಿಕೊಂಡಳು. ಅದನ್ನು ಅವನು ಆಮೇಲೆ ಎಷ್ಟು ಜನರಿಗೆ ಹೇಳಿದ ಎಂಬುದು ಅವನ ಹೆಂಡತಿ ತೆರೆಜಾಳಿಗೇ ಗೊತ್ತು.

ಒಂದು ವರ್ಷ ಹಾಗೆಯೇ ಹೋಯಿತು. ಆಮೇಲೆ ಲ್ಯಾಪ್‌ಟಾಪಿನಿಂದ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಚಟ ಸದ್ದು ಬರತೊಡಗಿತು. ಒಂದು ಅಭ್ಯಾಸದ ದಿನ ಸ್ಯಾಮ್ಯುಯೆಲ್ ಹಾಡನ್ನು ನಡುವೆಯೇ ನಿಲ್ಲಿಸಿದ. ಜೇಕಬನ ಮುಖ ನೋಡದೆ ಲ್ಯಾಪ್‌ಟಾಪನ್ನು ನೋಡುತ್ತ, "ಅಂಕಲ್, ಇದಕ್ಕೆ ಎಂತದೋ ಪ್ರಾಬ್ಲಮ್ ಉಂಟು ಅಂತ ಕಾಣ್ತದೆ. ಸೌಂಡ್ ಸ್ವಲ್ಪ ಲೇಟ್ ಬರ್ತಾ ಉಂಟು" ಅಂದ.

"ಹೌದು ಹೌದು, ಲ್ಯಾಪ್‌ಟಾಪಿಂದೇ" ಎಂದು ಹಿಂದಿನಿಂದ ಎಲ್ಲರೂ ಒಟ್ಟಿಗೆ ಹೇಳಿದರು. ಜೇಕಬನಿಗೂ ಹೌದೆನಿಸಿತು. ಮನೆ ಒತ್ತಿದ ಮೇಲೆ ಸ್ವರ ಕಣ್ಣು ಮಿಟುಕಿಸುವಷ್ಟು ತಡವಾಗಿ ಬಂದಂತೆ ಅವನಿಗೂ ಆಗಾಗ ಅನಿಸಿತ್ತು.

ಅಂದಿನಿಂದ ಅವನಿಗೆ ಅದೇ ಗೀಳು. ನಜ್ಮಾ ಬಡಾವಣೆಯಲ್ಲಿ ಮೊಬೈಲು, ಲ್ಯಾಪ್‌ಟಾಪು ರಿಪೇರಿಯ ಸಣ್ಣ ಅಂಗಡಿ ಇಟ್ಟಿರುವ ಯಾಕೂಬನ ಬಳಿ ಹೋದ. ಯಾಕೂಬ್ ಕಾಪುವಿನ ಬ್ಯಾರಿ ಮುಸಲ್ಮಾನ. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಇಲ್ಲಿಯೂ ಜೇಕಬನನ್ನು ಪೊರ್ಬುಗಳೇ ಎಂದು ಕರೆಯುತ್ತಾನೆ. ಲ್ಯಾಪ್‌ಟಾಪನ್ನು ಮಗುಚಿ ನೋಡಿ, ಕಿವಿಗಿಟ್ಟು ನೋಡಿ, ಮೇಜಿನ ಮೇಲಿಟ್ಟ.

"ಪೊರ್ಬುಗಳೇ, ಇದು ಖಲಾಸ್. ಹೊಸತು ತಗೊಳ್ಳಿ."

"ಹೊಸತರಲ್ಲೂ ಹೀಗೇ ಆದ್ರೆ?"

"ಹಾಗಾದ್ರೆ ಅದನ್ನೂ ತನ್ನಿ, ನೋಡುವ."

ಜೇಕಬ್ ಮೂಗು ಮುರಿದು ಮನೆಗೆ ಬಂದ.

ಅಷ್ಟರಲ್ಲಿ ಆಗಸ್ಟ್ ಬಂತು. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್, ಎಂದರೆ ಮರಿಯಮ್ಮನ ಹುಟ್ಟುಹಬ್ಬ, ಕರಾವಳಿಯ ಕ್ರೈಸ್ತರ ಹೊಸ ಅಕ್ಕಿಯ ಹಬ್ಬ. ದೋಹಾದಲ್ಲಿ ಗದ್ದೆ ಎಲ್ಲಿಂದ ಬರಬೇಕು? ರಜೆ ಮುಗಿಸಿ ಬರುವ ಯಾರೋ ಪುಣ್ಯಾತ್ಮರು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಭತ್ತದ ತೆನೆ ಅಡಗಿಸಿ ತರುತ್ತಾರೆ. ಮಕ್ಕಳು ಸೂಪರ್‌ಮಾರ್ಕೆಟ್ಟಿನ ಹೂ ಹಿಡಿದು ಸಾಲಾಗಿ ಬರುತ್ತಾರೆ. ಇಡೀ ವರ್ಷದ ದೊಡ್ಡ ಪೂಜೆ ಅದು, ಬರದವರೂ ಅವತ್ತು ಬರುತ್ತಾರೆ. ಸ್ಯಾಮ್ಯುಯೆಲ್ ಫೋನು ಮಾಡಿದ.

"ಅಂಕಲ್, ಮೊಂತಿಗೆ ಬ್ರಯನ್ ಅವ್ನ ಕೀಬೋರ್ಡ್ ತಂದ್ರೆ ಹೇಗೆ? ಬ್ಯಾಕಪ್ಪಿಗೆ ಅಷ್ಟೇ."

ಬ್ರಯನ್ ಗಿಟಾರು ಬಾರಿಸುವ ಇಂಜಿನಿಯರ್, ಹೆಂಡತಿ ಶರಲ್ ಜೊತೆ ಮಂಡಳಿಗೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೀಬೋರ್ಡಿನಲ್ಲೂ ಅವನ ಕೈ ಚುರುಕು. ಬ್ಯಾಕಪ್ ಎಂದರೇನು ಎಂದು ಗಲ್ಫಿನಲ್ಲಿ ಇಷ್ಟು ವರ್ಷ ನೌಕರಿ ಮಾಡಿದವನಿಗೆ ಬಿಡಿಸಿ ಹೇಳಬೇಕೇ? ಆಫೀಸಿನಲ್ಲಿ ಎಷ್ಟೋ ಜನರ ಕುರ್ಚಿಯ ಪಕ್ಕ ಮೊದಲು ಬ್ಯಾಕಪ್ ಬಂದು ಕೂತದ್ದನ್ನು, ಆಮೇಲೆ ಕುರ್ಚಿಯವರು ವಿಮಾನ ಹತ್ತಿದ್ದನ್ನು ಅವನು ನೋಡಿದ್ದ.

"ಬೇಡ. ಲ್ಯಾಪ್‌ಟಾಪನ್ನು ನಾನು ಸರಿ ಮಾಡ್ತೇನೆ. ಮೊಂತಿಗೆ ಕೂತ್ಕೊಳ್ಳುದು ನಾನೇ" ಎಂದು ಫೋನಿಟ್ಟ.

ಮದೀನತ್ ಖಲೀಫಾದಲ್ಲಿ ಹಳೆಯ ವಿಲ್ಲಾವೊಂದನ್ನು ಹಲಗೆಗೋಡೆ ಹಾಕಿ ನಾಲ್ಕಾರು ಸಂಸಾರಗಳಿಗೆ ಹಂಚಿದ ಮನೆ ಅವರದು. ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆ ಸರಿಸಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಕೂತರೆ ಮಧ್ಯಾಹ್ನದ ಊಟ ತೆರೆಜಾ ಮಂಚದ ಮೇಲೆ ಬಡಿಸಬೇಕು. ವೈಫೈ ಆರಿಸಿದ. ಬ್ಲೂಟೂತ್ ಆರಿಸಿದ. ಸೌಂಡಿನ ಡ್ರೈವರ್, ಎಂದರೆ ಯಂತ್ರದ ಆ ಭಾಗವನ್ನು ನಡೆಸುವ ಪುಟ್ಟ ತಂತ್ರಾಂಶ, ಅದನ್ನು ತೆಗೆದು ಮತ್ತೆ ಹಾಕಿದ. ಒಂದೊಂದಕ್ಕೂ ಒಂದೊಂದು ಶನಿವಾರ ಬಲಿಯಾಯಿತು. ಚಟಚಟ ನಿಲ್ಲಲಿಲ್ಲ.

ಕೊನೆಗೆ ಇಂಟರ್ನೆಟ್ಟಿನಲ್ಲಿ ಅವನಂತೆಯೇ ತಲೆ ಚಚ್ಚಿಕೊಂಡ ಸಂಗೀತಗಾರರ ಜಗುಲಿಯೊಂದು ಸಿಕ್ಕಿತು. ಯಂತ್ರದೊಳಗೆ ಯಾರು ಯಾರನ್ನು ಕಾಯಿಸುತ್ತಿದ್ದಾರೆ ಎಂದು ತೋರಿಸುವ ಒಂದು ತಂತ್ರಾಂಶವಿದೆ, ಅದನ್ನು ಹಾಕಿ ನೋಡಿ ಎಂದು ಅಲ್ಲಿ ಬರೆದಿದ್ದರು. ಹಾಕಿದ. ಪರದೆಯ ಮೇಲೆ ಹಸಿರು ಗೆರೆಗಳು ತಣ್ಣಗೆ ಓಡುತ್ತಿದ್ದವು, ಇದ್ದಕ್ಕಿದ್ದಂತೆ ಒಂದು ಕೆಂಪು ಗೆರೆ ಎದ್ದು ನಿಂತಿತು. ಮತ್ತೆ ಹಸಿರು, ಮತ್ತೆ ಕೆಂಪು. ಕಳ್ಳ ಯಾರೆಂದು ನೋಡಿದರೆ ಬ್ಯಾಟರಿ! ಲ್ಯಾಪ್‌ಟಾಪು ಸ್ವಲ್ಪ ಹೊತ್ತಿಗೊಮ್ಮೆ ಬ್ಯಾಟರಿಯನ್ನು 'ನಿನ್ನಲ್ಲಿ ಚಾರ್ಜ್ ಎಷ್ಟುಂಟು' ಎಂದು ಕೇಳುತ್ತದಂತೆ. ಅದು ಉತ್ತರ ಹೇಳುವ ತನಕ ಉಳಿದವರೆಲ್ಲ, ಸಂಗೀತವೂ ಸೇರಿ, ಬಾಯಿ ಮುಚ್ಚಿ ನಿಲ್ಲಬೇಕಂತೆ. ಜೇಕಬನಿಗೆ ನಗು ಬಂತು. ಅವನ ಮ್ಯಾನೇಜರನೂ ಹಾಗೆಯೇ, ಕೆಲಸ ಮುಗಿಯಿತೇ ಎಂದು ಕೇಳಿ ಕೇಳಿ ಕೆಲಸ ಮುಗಿಯದಂತೆ ಮಾಡುವವನು.

ಡಿವೈಸ್ ಮ್ಯಾನೇಜರ್ ತೆರೆದ. ಯಂತ್ರದ ಭಾಗಗಳ ಆ ಪಟ್ಟಿಯಲ್ಲಿ ಬ್ಯಾಟರಿಯ ಹೆಸರಿನ ಕೆಳಗೆ ಎರಡು ಸಾಲು. ಒಂದರ ಮೇಲೆ ಒತ್ತಿ ಡಿಸೇಬಲ್ ಅಂದ. ನಿಜವಾಗಿಯೂ ಬೇಕೇ ಎಂದು ಲ್ಯಾಪ್‌ಟಾಪ್ ಕೇಳಿತು. ಶಿಲುಬೆಯ ಗುರುತು ಹಾಕಿಕೊಂಡು ಬೇಕು ಅಂದ. ಇನ್ನೊಂದಕ್ಕೂ ಅದೇ ಮಾಡಿದ. ಮೂಲೆಯಲ್ಲಿದ್ದ ಬ್ಯಾಟರಿಯ ಚಿತ್ರ ಮಾಯವಾಯಿತು. ಇನ್ನು ಚಾರ್ಜ್ ಮುಗಿಯುತ್ತ ಬಂದರೆ ಎಚ್ಚರಿಸುವವರು ಇಲ್ಲ, ಯಾವಾಗಲೂ ಪ್ಲಗ್ಗಿಗೆ ಸಿಕ್ಕಿಸಿಯೇ ಇಡಬೇಕು. ಆದರೆ ಗೆರೆಗಳು? ಎಲ್ಲ ಹಸಿರು. ಊರಿನ ಗದ್ದೆಯಂಥ ಹಸಿರು! ಒಂದು ಹಾಡು ಬಾರಿಸಿ ನೋಡಿದ. ಒಂದು ಚಟ್ ಕೂಡ ಇಲ್ಲ.

"ತೆರೆಜಾ! ಖಲಾಸ್! ಸಿಕ್ಕಿತು ನೋಡು!"

ತೆರೆಜಾ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್, ಮಂಡಳಿಯಲ್ಲಿ ಹೆಂಗಸರ ಕೆಳಸ್ವರದ ಸಾಲಾದ ಆಲ್ಟೊದಲ್ಲಿ ಮುಂದಾಳು. ಮೀನು ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದು ನಿಂತಳು.

"ಪೂರ್ತಿ ಸರಿ ಆಯ್ತಾ?"

"ಪೂರ್ತಿ!"

"ಇನ್ನು ಎಂತ ಪ್ರಾಬ್ಲಮ್ಮೂ ಇಲ್ವಾ ಅದ್ರಲ್ಲಿ?"

"ಮಾಫಿ, ಎಂತದೂ ಇಲ್ಲ! ಹೊಸ ಲ್ಯಾಪ್‌ಟಾಪಿನಲ್ಲೂ ಇಷ್ಟು ಕ್ಲೀನ್ ಬರ್ಲಿಕ್ಕಿಲ್ಲ."

ಅವಳು ಹೂಂ ಅಂದು ಒಳಗೆ ಹೋದಳು. ಇಷ್ಟು ಕಷ್ಟಪಟ್ಟದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ ಎಂದು ಜೇಕಬನಿಗೆ ಸ್ವಲ್ಪ ಬೇಸರವಾಯಿತು. ಆಮೇಲೆ ಅದನ್ನೂ ಮರೆತು ಸಂಜೆಯವರೆಗೂ ಬಾರಿಸುತ್ತ ಕೂತ. ಒಬ್ಬನೇ ನುಡಿಸುವವನು ಯಾರಿಗಿಂತ ಹಿಂದೆ ಬೀಳಬೇಕು? ಎಲ್ಲ ಸರಿಯಾಗಿಯೇ ಕೇಳಿಸಿತು.

ಮುಂದಿನ ಶುಕ್ರವಾರ ಉಮ್ಮ್ ಸಲಾಲ್‌ನಲ್ಲಿ ಸ್ಯಾಮ್ಯುಯೆಲನ ಮನೆಯ ಹಾಲಿನಲ್ಲಿ ಅಭ್ಯಾಸ. ಜೇಕಬ್ ಬ್ಯಾಟರಿಯ ಕಥೆಯನ್ನು ಬಂದವರಿಗೆಲ್ಲ ಹೇಳಿದ, ತಡವಾಗಿ ಬಂದವರಿಗೆ ಮೊದಲಿನಿಂದ ಹೇಳಿದ. ಎಲ್ಲರೂ ಒಳ್ಳೆಯದಾಯಿತು ಅಂದರು. ಹಬ್ಬದ ಹಾಡು ಶುರುವಾಯಿತು. ಆರ್ಗನ್ನಿನ ನಾದ ಗಾಜಿನ ಲೋಟದ ನೀರಿನಷ್ಟು ತಿಳಿಯಾಗಿತ್ತು. ಎರಡನೆಯ ಚರಣ ಮುಗಿಯುವ ಮೊದಲೇ ಸ್ಯಾಮ್ಯುಯೆಲ್ ಕೈ ಎತ್ತಿದ.

"ಅಂಕಲ್... ಲ್ಯಾಪ್‌ಟಾಪು ಇನ್ನೂ ಸ್ವಲ್ಪ..."

"ಲ್ಯಾಪ್‌ಟಾಪ್ ಸರಿ ಉಂಟು."

"ಸರಿ ಉಂಟು ಅಂಕಲ್, ಆದ್ರೂ ಎಲ್ಲೋ ಒಂಚೂರು ಲೇಟ್..."

ಜೇಕಬನಿಗೆ ಪಿತ್ತ ನೆತ್ತಿಗೇರಿತು. ಇಷ್ಟು ಶನಿವಾರಗಳ ದುಡಿಮೆಯನ್ನು ಬ್ಯಾಂಕಿನ ಹುಡುಗನೊಬ್ಬ ಒಂದು ಮಾತಿನಲ್ಲಿ ಸುಳ್ಳು ಮಾಡುವುದೇ? "ತೋರಿಸ್ತೇನೆ, ಎಲ್ಲರೂ ಬನ್ನಿ" ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಅದರೊಳಗೆ ತಾಳ ಹಾಕುವ ಏರ್ಪಾಡಿದೆ. ಟಕ್ ಟಕ್ ಎಂದು ತಾಳ ಬೀಳುವಲ್ಲಿ ಪರದೆಯ ಮೇಲೆ ಒಂದೊಂದು ನೆಟ್ಟಗಿನ ಗೆರೆ. ನಾವು ಒತ್ತಿದ ಮನೆ ಆ ಗೆರೆಗೆ ತಾಗಿ ಚಿಕ್ಕ ಪಟ್ಟಿಯಾಗಿ ಮೂಡುತ್ತದೆ. ತಾಳಕ್ಕೆ ಸರಿಯಾಗಿ ಒತ್ತಿದರೆ ಗೆರೆಯ ಮೇಲೆ, ತಡವಾದರೆ ಗೆರೆ ದಾಟಿ. ಜೇಕಬ್ ಹಾಡಿನ ಮೊದಲ ಸಾಲು ನುಡಿಸಿದ.

"ಇನ್ನು ಬ್ರಯನ್ ಬಾ. ಇದೇ ಸಾಲು ಬಾರಿಸು. ಇಬ್ಬರದ್ದೂ ಗೆರೆಯ ಮೇಲೇ ಬಂದ್ರೆ ಲ್ಯಾಪ್‌ಟಾಪ್ ಸರಿ ಉಂಟು ಅಂತ ಒಪ್ಕೊಳ್ತೀರಲ್ಲ?"

"ಬೇಡ ಅಂಕಲ್" ಅಂದ ಬ್ರಯನ್.

"ಬಾ ಅಂತ ಹೇಳಿದೆ!"

"ಅಂಕಲ್ ಪ್ಲೀಸ್, ಬೇಡ. ನಾವು ಒಪ್ಕೊಂಡೆವು."

"ಒಪ್ಕೊಳ್ಳುದು ಆಮೇಲೆ. ಯಲ್ಲಾ, ಬೇಗ ಕೂತ್ಕೋ!"

ಬ್ರಯನ್ ಕೂತ. ನೆಲ ನೋಡುತ್ತ ಬಾರಿಸಿ, ಸುಟ್ಟ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ. ಜೇಕಬ್ ಎರಡೂ ಸಾಲನ್ನು ಮೇಲೆ ಕೆಳಗೆ ಇಟ್ಟ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದೇ ಅವನ ನೌಕರಿಯಲ್ಲವೇ, ಕನ್ನಡಕ ಹಾಕಿಕೊಳ್ಳುವಷ್ಟೂ ಹೊತ್ತು ಬೇಕಾಗಲಿಲ್ಲ. ಬ್ರಯನನ ಪಟ್ಟಿಗಳು ಗೆರೆಗಳ ಮೇಲೆ ಕೂತಿದ್ದವು. ತನ್ನವು ಒಂದೂ ಬಿಡದೆ ಗೆರೆ ದಾಟಿ ಆಚೆ ಬಿದ್ದಿದ್ದವು. ಲ್ಯಾಪ್‌ಟಾಪ್ ಅದೇ, ಕೀಬೋರ್ಡ್ ಅದೇ.

ಅವನು ತನ್ನ ಕೈ ನೋಡಿಕೊಂಡ. ಬೆರಳ ತುದಿಗಳು ಜೋಮು ಹಿಡಿದಂತೆ ಇರುತ್ತಿದ್ದುದು ಎಷ್ಟೋ ಕಾಲದಿಂದ. ಸಕ್ಕರೆ ಕಾಯಿಲೆಗೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ಎಸಿಯ ತಂಪಿಗೆ ಎಂದು ಇವನು ತನಗೇ ಹೇಳಿಕೊಂಡಿದ್ದ. ಮನೆ ಮುಟ್ಟಿದ್ದು ತಿಳಿಯಲು ಬೆರಳಿಗೇ ತಡವಾಗುತ್ತಿದ್ದರೆ ಸ್ವರ ಹೊತ್ತಿಗೆ ಸರಿಯಾಗಿ ಎಲ್ಲಿಂದ ಬರಬೇಕು? ಚಟಚಟ ಮಾತ್ರ ಲ್ಯಾಪ್‌ಟಾಪಿನದು. ಉಳಿದದ್ದು ತನ್ನದು.

ಅಷ್ಟನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ತಲೆ ಎತ್ತಿ ನೋಡಿದರೆ ಸುತ್ತ ನಿಂತವರಲ್ಲಿ ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

"ನಿಮ್ಗೆಲ್ಲ ಗೊತ್ತಿತ್ತಾ?"

ಶರಲ್ ಮೆಲ್ಲಗೆ, "ನಿಮ್ಗೆ ಬೇಜಾರಾಗ್ಬಾರ್ದು ಅಂತ ಅಂಕಲ್" ಅಂದಳು.

"ನೀವು ನಮ್ಗಿಂತ ಹಿರಿಯರು, ಮುಖದ ಎದುರು ಹೇಗೆ ಹೇಳುದು?" ಅಂದ ಸ್ಯಾಮ್ಯುಯೆಲ್.

"ಅದಕ್ಕೆ ನನ್ನನ್ನು ಬೇಸಿಗೆಯಿಡೀ ಇದ್ರ ಎದುರು ಕೂರಿಸಿದ್ರಾ? ನಾನು ನಜ್ಮಾಕ್ಕೆ ಹೊತ್ತುಕೊಂಡು ಹೋಗುವಾಗ ನೋಡ್ತಾ ಇದ್ರಾ?"

ಇದು ನಮ್ಮವರ ಮರ್ಯಾದೆ. ಬೆನ್ನ ಹಿಂದೆ ಎಲ್ಲವನ್ನೂ ಹೇಳುತ್ತಾರೆ, ಎದುರಿಗೆ ಕುರ್ಚಿ ಎಳೆದು ಕೂರಿಸುತ್ತಾರೆ. ಒಬ್ಬನಾದರೂ ಆರು ತಿಂಗಳ ಹಿಂದೆ ಬದಿಗೆ ಕರೆದು ಹೇಳಿದ್ದರೆ ಜೇಕಬ್ ಅವತ್ತು ಎಗರಾಡುತ್ತಿದ್ದ, ನಾಲ್ಕು ದಿನ ಮಾತು ಬಿಡುತ್ತಿದ್ದ, ಆಮೇಲೆ ತಲೆ ಎತ್ತಿಕೊಂಡೇ ಎದ್ದು ಹೋಗುತ್ತಿದ್ದ. ಈಗ ತನ್ನ ಕೈಯಾರೆ ಸಾಕ್ಷಿ ತೋರಿಸಿ ಎದ್ದು ಹೋಗಬೇಕಾಯಿತು. ಚಪ್ಪಲಿ ಹುಡುಕುವಾಗ ಯಾರೋ ಚಹಾ ಕುಡಿದು ಹೋಗಿ ಅಂದರು.

ತೆರೆಜಾಳನ್ನು ಕೂರಿಸಿಕೊಂಡು ಕಾರನ್ನು ಹೆದ್ದಾರಿಗೆ ತಿರುಗಿಸುತ್ತ ಜೇಕಬ್ ಹೇಳಿದ.

"ನಿನಗೂ ಗೊತ್ತಿತ್ತು."

"ಗೊತ್ತಿತ್ತು" ಅಂದಳು ತೆರೆಜಾ. "ಕ್ರಿಸ್ಮಸ್ಸಿನಿಂದಲೇ."

"ಮನೆಯಲ್ಲಿ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳ್ಲಿ? ನಿಮ್ಗೆ ಅದೊಂದೇ ಇದ್ದದ್ದು." ಮತ್ತೆ ಅವಳೇ ಹೇಳಿದಳು. "ನಾನು ಒಂಚೂರು ತಡೆದು ಹಾಡ್ತಿದ್ದೆ, ನಿಮ್ಮ ಕೈ ಬರುವವರೆಗೆ. ಆಲ್ಟೊದವರೆಲ್ಲ ನನ್ನನ್ನು ನೋಡಿಯೇ ಶುರು ಮಾಡುದಲ್ವಾ? ಹಾಗಾಗಿ ಅಷ್ಟು ಗೊತ್ತಾಗ್ತಿರ್ಲಿಲ್ಲ."

ಬೇರೆ ಗಂಡಸಾಗಿದ್ದರೆ ಆ ಮಾತಿಗೆ ಅವಳ ಕೈ ಹಿಡಿದುಕೊಳ್ಳುತ್ತಿದ್ದನೋ ಏನೋ. ಜೇಕಬನಿಗೆ ಮೈಯೆಲ್ಲ ಉರಿಯಿತು.

"ನೀವು ಕುಂಟ್ತಿದ್ದೀರಿ ಅಂತ ಹೇಳುವ ಬದಲು ನೀನೂ ನನ್ನ ಜೊತೆ ಕುಂಟಿದ್ಯಾ?"

ತೆರೆಜಾ ಕಿಟಕಿಯ ಕಡೆ ತಿರುಗಿ ಕೂತಳು. ಮನೆ ಬರುವ ತನಕ ಅವಳು ಈ ಕಡೆ ನೋಡಲಿಲ್ಲ.

ಮರುವಾರ ಸ್ಯಾಮ್ಯುಯೆಲ್ ಬಿಸ್ಕತ್ತಿನ ದೊಡ್ಡ ಡಬ್ಬಿ ಹಿಡಿದು ಬಂದ. ನೀವು ಯಾವಾಗಲೂ ನಮ್ಮ ಗುರುಗಳು ಅಂದ. ಮೊಂತಿಯ ದಿನ ನಿಮಗೆ ಸನ್ಮಾನ ಇಟ್ಟುಕೊಂಡಿದ್ದೇವೆ ಅಂದ. ಚಹಾ ಕುಡಿದು ಏಳುವಾಗ ಕತ್ತು ಕೆರೆದುಕೊಳ್ಳುತ್ತ, "ಅಂಕಲ್, ಆ ಆರ್ಗನ್ ಸೌಂಡ್ ಈಗ ತುಂಬ ಕ್ಲೀನ್ ಬರ್ತಾ ಉಂಟಲ್ಲ, ಲ್ಯಾಪ್‌ಟಾಪು ಬ್ರಯನಿಗೆ ಕೊಡ್ಬಹುದಾ?" ಎಂದು ಕೇಳಿದ. ಜೇಕಬ್ ಕೊಟ್ಟ. ಪ್ಲಗ್ಗಿನಿಂದ ತೆಗೆಯಬಾರದು ಎಂದು ಎರಡೆರಡು ಸಲ ಹೇಳಿ ಕೊಟ್ಟ. ಬಾಗಿಲು ಹಾಕಿದ ಮೇಲೆ ಬಿಸ್ಕತ್ತಿನ ಡಬ್ಬಿಯನ್ನು ಹಾಗೆಯೇ ಕಪಾಟಿನ ಮೇಲೆ ಎಸೆದ.

ಹಬ್ಬದ ಪೂಜೆಗೆ ಅವನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಬೆಂಚಿನಲ್ಲಿ ಕೂತ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ಮುಂದಿನ ಬೆಂಚಿನ ಮೇಲಿಟ್ಟ, ಕೊನೆಗೆ ಕಟ್ಟಿಕೊಂಡ. ಮಕ್ಕಳು ಹೂ ಹಿಡಿದು ಬಂದರು, ಸೂಟ್‌ಕೇಸಿನಲ್ಲಿ ಬಂದ ತೆನೆ ಪೀಠವೇರಿತು. ಆರ್ಗನ್ ಎದ್ದಿತು. ಜೇಕಬ್ ತಪ್ಪು ಹುಡುಕಲೆಂದೇ ಕಿವಿಗೊಟ್ಟಿದ್ದ, ಸಿಗಲಿಲ್ಲ. ಬ್ರಯನನ ಕೈ ಗಡಿಯಾರದ ಮುಳ್ಳಿನಂತೆ ಬೀಳುತ್ತಿತ್ತು. ಮಂಡಳಿ ಅದನ್ನು ಹಿಡಿದು ಹಗುರಾಗಿ ಹಾಡಿತು. ಇಷ್ಟು ದಿನ ಅವರೆಲ್ಲ ತನ್ನನ್ನು ಎಳೆದುಕೊಂಡು ಹಾಡುತ್ತಿದ್ದರು ಎಂಬುದು ಈಗ ಅವನಿಗೆ ಕೇಳಿಸಿತು.

ಆಮೇಲೆ ಇನ್ನೊಂದು ಕೇಳಿಸಿತು. ಪ್ರತಿ ಸಾಲಿನ ಮೊದಲಲ್ಲಿ ಎಲ್ಲರೂ, ಈಗ ಬ್ರಯನನ ಕೈಯನ್ನೇ ಹಿಡಿದ ಆಲ್ಟೊದವರೂ ಸೇರಿ, ಒಟ್ಟಿಗೆ ಶುರು ಮಾಡಿದ ಮೇಲೆ ಒಂದು ಸ್ವರ ಕಣ್ಣು ಮಿಟುಕಿಸುವಷ್ಟು ತಡವಾಗಿ ಬಂದು ಸೇರುತ್ತಿತ್ತು. ತೆರೆಜಾ ಯಾರ ಕೈಗೋ ಕಾಯುತ್ತಿದ್ದಳು. ಸ್ಯಾಮ್ಯುಯೆಲ್ ಒಂದು ಸಲ ಆಲ್ಟೊದ ಕಡೆ ನೋಡಿದ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಗಟ್ಟಿಯಾಗಿ ಹಾಡಿ ಆ ಸ್ವರವನ್ನು ಮುಚ್ಚಲು ನೋಡಿದಳು. ತೆರೆಜಾ ಪುಸ್ತಕದ ಮೇಲೆ ಕಣ್ಣಿಟ್ಟು ಮುಂದಿನ ಸಾಲನ್ನೂ ಹಾಗೆಯೇ ಹಾಡಿದಳು. ಕ್ರಿಸ್ಮಸ್ಸಿನಿಂದ ಹಿಂದೆ ನಿಂತು ನಿಂತು ಅವಳ ಉಸಿರೇ ಆ ಜಾಗಕ್ಕೆ ಒಗ್ಗಿಹೋಗಿತ್ತು. ಜೇಕಬನಿಗೆ ಎದ್ದು ಹೊರಗೆ ಹೋಗಬೇಕೆನಿಸಿತು, ಆದರೆ ಸನ್ಮಾನ ಬಾಕಿ ಇತ್ತು.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಯುವಕರಿಗೆ ಅವಕಾಶ ಕೊಡಲು ಜೇಕಬ್ ಅಂಕಲ್ ತಾವಾಗಿಯೇ ಜಾಗ ಬಿಟ್ಟಿದ್ದಾರೆ ಎಂದು ಸ್ಯಾಮ್ಯುಯೆಲ್ ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತ ತೆರೆಜಾ ಕೇಳಿದಳು. ಅಭ್ಯಾಸದ ಆ ರಾತ್ರಿಯ ನಂತರ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ನಾನು ಸರಿ ಹಾಡಿದ್ನಾ?"

ಎದುರಿಗೆ ಹೇಳಬೇಕು, ಮನೆಯವರಾದರೂ ಹೇಳಬೇಕು ಎಂದು ಜಗಳವಾಡಿದವನು ಅವನೇ. ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿದ. ಹಬ್ಬಕ್ಕೆಂದು ಮುಡಿದ ಹೂ ಸೆಖೆಗೆ ಬಾಡಿ ಕಿವಿಯ ಬಳಿ ಇಳಿದಿತ್ತು.

"ಚೆನ್ನಾಗಿತ್ತು" ಅಂದ. "ಆಲ್ಟೊದವ್ರ ಮೈಕಿಗೆ ಮಾತ್ರ ಎಂತದೋ ಆಗಿತ್ತು ಅಂತ ಕಾಣ್ತದೆ."

ತೆರೆಜಾ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಹೂಂ ಅಂದು ಹಣ್ಣಿನ ಬುಟ್ಟಿಯನ್ನು ಹಿಂದಿನ ಸೀಟಿಗೆ ಸರಿಸಿದಳು. ಮುಂದಿನ ತಿಂಗಳ ಪೂಜೆಗೆ ಅವಳು ಮಂಡಳಿಯ ಕಡೆ ಹೋಗದೆ ಬೆಂಚಿನಲ್ಲಿ ಅವನ ಪಕ್ಕ ಬಂದು ಕೂತಳು.